ಕಸದ ಗುಡ್ಡೆಗೆ ಜೀವಂತ ಹೊದಿಕೆ

ಊರ ಹೊರಗಿನ ಕಸದ ಗುಡ್ಡೆಯ ಬಳಿ ಹಾದುಹೋಗುವಾಗ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಆದರೆ ಅಲ್ಲಿ ಹೊರಬೀಳುವ ಅನಿಲದ ದೊಡ್ಡ ಪಾಲು ಮೂಗಿಗೆ ತಿಳಿಯುವುದೇ ಇಲ್ಲ! ಅದು ಮೀಥೇನ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಾರುವುದು ಅದರೊಡನೆ ಅತ್ಯಲ್ಪ ಪ್ರಮಾಣದಲ್ಲಿ ಬರುವ ಹೈಡ್ರೊಜನ್ ಸಲ್ಫೈಡ್‌ನಂಥ ಗಂಧಕದ ಸಂಯುಕ್ತಗಳು.

ಮೀಥೇನ್ ಹುಟ್ಟುವ ಬಗೆ

ತರಕಾರಿ ಸಿಪ್ಪೆ, ಉಳಿದ ಅನ್ನ, ಎಲೆ, ಕಾಗದ ಇವು ಗಾಳಿಯಾಡದ ಆಳದಲ್ಲಿ ಕೊಳೆತಾಗ ಬರುವ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್; ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. 100 ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 5ರಿಂದ 15 ಇದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗಬಹುದು. ಬೆಂಗಳೂರು ಬಳಿಯ ಮಂಡೂರಿನಲ್ಲಿ ಜನರ ಹೋರಾಟದ ಫಲವಾಗಿ 2014ರಲ್ಲಿ ಕಸ ಸುರಿಯುವುದು ನಿಂತಿತು. ಆದರೆ ಸುರಿಯುವುದು ನಿಂತ ಮಾತ್ರಕ್ಕೆ ಅನಿಲ ನಿಲ್ಲುವುದಿಲ್ಲ. ಹೂತ ಕಸ ವರ್ಷಗಟ್ಟಲೆ ಅದನ್ನು ಬಿಡುತ್ತಲೇ ಇರುತ್ತದೆ.

ಮಣ್ಣು ಮುಚ್ಚಿದರೆ ಸಾಲದೆ?

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಭಾಲ್ಕಿ, ಔರಾದ್ ಕಡೆ ಹೋದರೆ ಕಪ್ಪು ಎರೆಮಣ್ಣು ಹೆಚ್ಚು. ಬೇಸಗೆಯಲ್ಲಿ ಎರೆನೆಲ ಬಿರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಕಸದ ಮೇಲೆ ಬರೀ ಎರೆಮಣ್ಣು ಹೊದಿಸಿದರೆ ಆ ಬಿರುಕುಗಳೇ ಅನಿಲಕ್ಕೆ ಹೊಗೆಗೊಳವೆಗಳಾಗುತ್ತವೆ. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ ಅಂಟಾಗಿ, ಗಾಳಿ ಒಳಗೆ ಇಳಿಯದಂತೆ ತಡೆಯುತ್ತದೆ.

ಮೀಥೇನ್ ತಿನ್ನುವ ಬ್ಯಾಕ್ಟೀರಿಯ

ಗಾಳಿ ಬೇಕಾಗಿರುವುದು ಮೀಥೇನನ್ನೇ ಆಹಾರವಾಗಿಸಿಕೊಂಡ ಬ್ಯಾಕ್ಟೀರಿಯಗಳಿಗೆ. ಡಚ್ ವಿಜ್ಞಾನಿ ಸೋಂಗೆನ್ 1906ರಲ್ಲಿ ಇಂಥವನ್ನು ಬೇರ್ಪಡಿಸಿ ವರ್ಣಿಸಿದರು. ಇವು ಆಕ್ಸಿಜನ್ ಬಳಸಿ ಮೀಥೇನನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿ ಮಾರ್ಪಡಿಸುತ್ತವೆ. 1 ಗ್ರಾಂ ಮೀಥೇನ್ ಪೂರ್ತಿ ಉತ್ಕರ್ಷಣಗೊಳ್ಳಲು 4 ಗ್ರಾಂ ಆಕ್ಸಿಜನ್ ಬೇಕು. ಇವುಗಳ ನೆರೆಯಲ್ಲೇ ಇರುವ ಬೇರೆ ಬ್ಯಾಕ್ಟೀರಿಯಗಳು ಹೈಡ್ರೊಜನ್ ಸಲ್ಫೈಡನ್ನು ವಾಸನೆಯಿಲ್ಲದ ಸಲ್ಫೇಟ್ ಆಗಿಸುತ್ತವೆ. ಹೀಗೆ ಒಂದೇ ಹೊದಿಕೆಯಿಂದ ಎರಡು ಕೆಲಸ!

ಹೊದಿಕೆಯ ರಚನೆ

ಕಸದ ಮೇಲೆ ಮೊದಲು ಜಲ್ಲಿಯ ಪದರ; ಇದು ಅನಿಲವನ್ನು ಎಲ್ಲೆಡೆ ಸಮನಾಗಿ ಹಂಚುತ್ತದೆ. ಅದರ ಮೇಲೆ ಸುಮಾರು ಒಂದು ಮೀಟರ್ ದಪ್ಪ, ಚೆನ್ನಾಗಿ ಕಳಿತ ಕಾಂಪೋಸ್ಟ್. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡನ್ನು ಕಳಿಸಿ, ಗಾಳಿಯಾಡಲು ತೊಗರಿಕಟ್ಟಿಗೆಯ ಚೂರು ಬೆರೆಸಿ ಬಳಸುವುದು ಈ ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಬಹುದಾದ ದಾರಿ. ಅನಿಲ ಸೆಳೆದು ವಿದ್ಯುತ್ ಮಾಡಲು ದೊಡ್ಡ ಕಸರಾಶಿ ಬೇಕು. ಸಣ್ಣ ಊರುಗಳಿಗೆ ಈ ಹೊದಿಕೆಯೇ ಹೆಚ್ಚು ಹೊಂದುತ್ತದೆ.

ಎರಡು ಎಚ್ಚರಿಕೆ ಅಗತ್ಯ. ಅರೆಕಳಿತ ಗೊಬ್ಬರ ತಾನೇ ಆಕ್ಸಿಜನ್ ಕಬಳಿಸಿ ಮೀಥೇನ್ ಹುಟ್ಟಿಸಬಲ್ಲದು. ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಬಿಚ್ಚಿದಾಗ ನಾರಿದರೆ ಅದು ಇನ್ನೂ ಕಳಿತಿಲ್ಲ. ಎರಡನೆಯದಾಗಿ, ಬೇಸಗೆಯಲ್ಲಿ ಹೊದಿಕೆ ಪೂರ್ತಿ ಒಣಗಿದರೆ ಬ್ಯಾಕ್ಟೀರಿಯ ಕೆಲಸ ನಿಲ್ಲಿಸುತ್ತವೆ. ಆದ್ದರಿಂದ ಹುಲ್ಲು ಬೆಳೆಸಿ, ಆಗಾಗ ನೀರು ಚಿಮುಕಿಸಬೇಕು.

ಈ ಹೊದಿಕೆ ಹಳೆಯ ಕಸಕ್ಕೆ ಮದ್ದು. ಹೊಸ ಕಸಕ್ಕೆ ಪರವಾನಗಿಯಲ್ಲ. ನಿಮ್ಮ ಅಡುಗೆಮನೆಯ ಹಸಿಕಸವನ್ನು ಬೇರ್ಪಡಿಸಿ ಕೊಟ್ಟರೆ ಅದು ಗುಡ್ಡೆ ಸೇರಿ ಮೀಥೇನ್ ಆಗುವ ಬದಲು ಗೊಬ್ಬರವಾದೀತು. ನಾಳೆ ಆ ಗೊಬ್ಬರವೇ ಹಳೆಯ ಗುಡ್ಡೆಗೆ ಹೊದಿಕೆಯೂ ಆಗಬಹುದು.