ರೇಷ್ಮೆ ಹುಳು ಗೂಡು ಕಟ್ಟುವ ಮುನ್ನ: ಹಾರ್ಮೋನನ್ನು ಒಡೆಯುವ ಕಿಣ್ವ

ರೇಷ್ಮೆ ಹುಳುವಿನ ರೂಪಪರಿವರ್ತನೆಯನ್ನು ಬೋಧಿಸುವಾಗ ಮೊಟ್ಟೆ, ಹುಳು, ಕೋಶ, ಪತಂಗಗಳ ಚಿತ್ರ ಬರೆದು, 'ಇದನ್ನು ಹಾರ್ಮೋನುಗಳು ನಿಯಂತ್ರಿಸುತ್ತವೆ' ಎಂದು ಹೇಳಿ ಮುಗಿಸುವುದು ರೂಢಿ. ಹುಳು ಸಾಕುವ ಮನೆಯಿಂದ ಬಂದ ವಿದ್ಯಾರ್ಥಿಗೆ ಇಷ್ಟು ಸಾಲದು. ಪೊರೆ ಬಿಡುವುದನ್ನು ರೈತರು 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ಎದ್ದರೂ ಹುಳುವಾಗಿಯೇ ಉಳಿದದ್ದು ಐದನೆಯ ಹಂತದಲ್ಲಿ ಮಾತ್ರ ಹಣ್ಣಾಗಿ ಗೂಡು ಕಟ್ಟುವುದೇಕೆ?

ಇಲ್ಲಿ ಎರಡು ಹಾರ್ಮೋನುಗಳ ಪಾತ್ರವಿದೆ. ಎಕ್ಡೈಸೋನ್ ಪೊರೆ ಬಿಡಿಸುತ್ತದೆ. ಮಿದುಳಿನ ಹಿಂದಿರುವ ಜೋಡಿ ಗ್ರಂಥಿಗಳು ಸ್ರವಿಸುವ ಜುವೆನೈಲ್ ಹಾರ್ಮೋನು ಆಗ ರಕ್ತದಲ್ಲಿದ್ದರೆ ಹುಳು ಮತ್ತೆ ಹುಳುವೇ ಆಗುತ್ತದೆ. ಇಲ್ಲದಿದ್ದರೆ ಕೋಶಾವಸ್ಥೆಯತ್ತ ಸಾಗುತ್ತದೆ. ಕೊನೆಯ ಹಂತದಲ್ಲಿ ಗ್ರಂಥಿ ಸ್ರವಿಸುವುದನ್ನು ನಿಲ್ಲಿಸಿದರೂ ಆಗಲೇ ಸ್ರವಿಸಿದ್ದು ರಕ್ತದಲ್ಲಿ ಉಳಿದಿರುತ್ತದೆ. ಅದನ್ನು ತೆಗೆಯುವುದು ಜುವೆನೈಲ್ ಹಾರ್ಮೋನ್ ಎಸ್ಟರೇಸ್ ಎಂಬ ಕಿಣ್ವ. ಅದು ನೀರಿನ ಅಣುವನ್ನು ಬಳಸಿ ಹಾರ್ಮೋನಿನ ಎಸ್ಟರ್ ಬಂಧವನ್ನು ಕತ್ತರಿಸುತ್ತದೆ. ಉಳಿಯುವ ಆಮ್ಲಕ್ಕೆ ಹುಳುವನ್ನು ಹುಳುವಾಗಿಯೇ ಇರಿಸುವ ಶಕ್ತಿಯಿಲ್ಲ.

ತರಗತಿಯಲ್ಲಿ ಕೆರೆಯ ಹೋಲಿಕೆ ಬಳಸಬಹುದು. ನೀರು ತರುವ ಕಾಲುವೆ ಮುಚ್ಚಿದ ಮಾತ್ರಕ್ಕೆ ಕೆರೆ ಬರಿದಾಗದು, ತೂಬನ್ನೂ ಎತ್ತಬೇಕು. ಕಾಲುವೆ ಗ್ರಂಥಿ, ತೂಬು ಕಿಣ್ವ. ಆದರೆ ಹೋಲಿಕೆಯ ಮಿತಿಯನ್ನೂ ಹೇಳಿ: ತೂಬಿನಿಂದ ಹೊರಬಂದದ್ದು ನೀರೇ, ಕಿಣ್ವವಾದರೋ ಹಾರ್ಮೋನನ್ನು ಬೇರೆಯೇ ವಸ್ತುವಾಗಿಸುತ್ತದೆ.

ಇದಕ್ಕೆ ಎರಡು ಪುರಾವೆಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ.

1. ತೂಬು ಬೇಗ ತೆರೆದರೆ: ಜಪಾನಿನ ಸಂಶೋಧಕರು ತಳಿ ಮಾರ್ಪಾಡಿನಿಂದ ಈ ಕಿಣ್ವವನ್ನು ಹೆಚ್ಚಾಗಿ ತಯಾರಿಸುವ ರೇಷ್ಮೆ ಹುಳುಗಳನ್ನು ರೂಪಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವು ಐದನೆಯ ಹಂತದವರೆಗೆ ಕಾಯದೆ ಮೂರನೆಯ ಹಂತದ ನಂತರವೇ ಕೋಶಗಳಾದವು.

2. ತೂಬು ಕೆಲಸಕ್ಕೆ ಬಾರದಿದ್ದರೆ: ಫೆನಾಕ್ಸಿಕಾರ್ಬ್ ಎಂಬ ಕೀಟನಾಶಕ ಜುವೆನೈಲ್ ಹಾರ್ಮೋನಿನಂತೆ ವರ್ತಿಸುತ್ತದೆ, ಆದರೆ ಈ ಕಿಣ್ವಕ್ಕೆ ಸುಲಭವಾಗಿ ಒಡೆಯದು. ಉತ್ತರ ಇಟಲಿಯ ಹಣ್ಣಿನ ತೋಟಗಳಿಗೆ ಸಿಂಪಡಿಸಿದ ಅದು ಹಿಪ್ಪುನೇರಳೆ ಸೊಪ್ಪಿಗೂ ತಗುಲಿದಾಗ, ಹುಳುಗಳು ಗೂಡು ಕಟ್ಟಲಾಗದೆ ಉಳಿದು ಸಾಕಣೆದಾರರಿಗೆ ಭಾರಿ ನಷ್ಟವಾಯಿತು.

ಇಲ್ಲಿಗೆ ಪಾಠ ಮಗುವಿನ ಮನೆಯನ್ನು ಮುಟ್ಟುತ್ತದೆ. ಪಕ್ಕದ ತೋಟಕ್ಕೆ ಔಷಧಿ ಹೊಡೆದಾಗ ಆ ಅಂಚಿನ ಸೊಪ್ಪನ್ನು ಹುಳುವಿಗೆ ಹಾಕಬಾರದೆಂಬ ಎಚ್ಚರಿಕೆಗೆ ಇದೂ ಒಂದು ಕಾರಣವೆಂದು ವಿದ್ಯಾರ್ಥಿಯೇ ಹೇಳಬಲ್ಲ.

ಮೌಲ್ಯಮಾಪನ ಪ್ರಶ್ನೆ: 'ಗ್ರಂಥಿ ಸ್ರವಿಕೆ ನಿಲ್ಲಿಸಿದೆ, ಕಿಣ್ವವಿಲ್ಲ. ಹುಳು ಕೂಡಲೇ ಹಣ್ಣಾಗುವುದೇ? ಕಾರಣ ಕೊಡಿ.' ಉತ್ತರದಲ್ಲಿ 'ರಕ್ತದಲ್ಲಿ ಉಳಿದ ಹಾರ್ಮೋನು' ಎಂಬ ಅಂಶ ಬಂದರೆ ಪರಿಕಲ್ಪನೆ ಮೂಡಿದೆ ಎಂದರ್ಥ.