ಧಾರವಾಡದಲ್ಲಿ ಒಂದು ಕಲಾದಿನ

ಧಾರವಾಡದಲ್ಲಿ ನಿಂತು ಕಲ್ಲೆಸೆದರೆ ಅದು ಒಬ್ಬ ಸಾಹಿತಿಯ ಮನೆಯ ಮೇಲೆಯೇ ಬೀಳುವದೆಂಬ ಮಾತು ಕನ್ನಡನಾಡಿನಲ್ಲೆಲ್ಲ ಪ್ರಚಲಿತವಾಗಿದೆ. ಮಾತು ವಿನೋದದ್ದಾದರೂ ಅದರ ಹಿಂದೆ ಒಂದು ಪ್ರಶ್ನೆಯಿದೆ. ರಾಜಧಾನಿಯಲ್ಲದ, ಅರಮನೆಯ ಆಶ್ರಯವಿಲ್ಲದ ಈ ಊರಿನಲ್ಲಿ ಇಷ್ಟೊಂದು ಕಲೆ ಹೇಗೆ ಬೇರೂರಿತು? ಹೋದ ವರ್ಷ ಒಂದು ರವಿವಾರವನ್ನು ಗೆಳೆಯನೊಡನೆ ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಳೆದಾಗ ನನಗೆ ಹೊಳೆದ ಉತ್ತರವನ್ನು ವಿದ್ಯಾರ್ಥಿಬಂಧುಗಳ ಮುಂದಿಡುವದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. ಮುಂಬಯಿ ಪ್ರಾಂತದಲ್ಲಿ ಕನ್ನಡಕ್ಕೆ ತಕ್ಕ ಸ್ಥಾನವಿಲ್ಲದ ಕಾಲದಲ್ಲಿ ರಾ. ಹ. ದೇಶಪಾಂಡೆಯವರು 1890ರಲ್ಲಿ ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಈ ಊರಿಗೆ ಬಂದಿತು. ಆಕಾಶವಾಣಿ ಕೇಂದ್ರವೂ 1950ರಲ್ಲಿಯೇ ತೆರೆಯಿತು. ಇನ್ನು ಸಂಗೀತಕ್ಕೆ ರೈಲುದಾರಿಯೇ ನೆರವಾಯಿತೆನ್ನಬಹುದು. ಪುಣೆ, ಮಿರಜಗಳ ಕಡೆಯಿಂದ ಮೈಸೂರು ಅರಮನೆಯ ಕರೆಯ ಮೇರೆಗೆ ಹೊರಟ ಹಿಂದುಸ್ತಾನಿ ಗಾಯಕರು ಹುಬ್ಬಳ್ಳಿ-ಧಾರವಾಡಗಳಲ್ಲಿ ಇಳಿದು ಹಾಡಿ ಹೋಗುತ್ತಿದ್ದರು. ಹೀಗೆ ಕರ್ನಾಟಕ ಸಂಗೀತದ ನೆಲದಲ್ಲಿ ಹಿಂದುಸ್ತಾನಿ ಬೀಜ ಬಿದ್ದಿತು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತ ಹಾಡುವವರಾಗಿದ್ದರೂ 1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಹಿಂದುಸ್ತಾನಿ ಕಲಿತು ಲೋಕಪ್ರಸಿದ್ಧರಾದರು.

ನಮ್ಮ ದಿನ ಪ್ರಾರಂಭವಾದದ್ದು ಬೆಳಗಿನ ಬೈಠಕ್ಕಿನಿಂದ. ಟಿಕೀಟಿಲ್ಲ, ಕುರ್ಚಿಗಳಿಲ್ಲ, ನೆಲಕ್ಕೆ ಹಾಸಿದ ಜಮಖಾನೆ, ಎರಡು ತಂಬೂರಿ. ಕುಳಿತವರಲ್ಲಿ ಬಹುಮಂದಿ ನರೆಗೂದಲಿನವರು. ನಾವಿಬ್ಬರೂ ಬಾಗಿಲ ಬಳಿಯೇ ಮುದುಡಿ ಕುಳಿತೆವು. ಒಬ್ಬ ವೃದ್ಧರು ತಿರುಗಿ ನೋಡಿದರು.

"ಯಾವ ಊರವರಪಾ? ಹಿಂದ್ಯಾಕ ಕುಂತೀರಿ, ಮುಂದ ಬರ್ರಿ."

"ನಮಗ ಇದು ತಿಳಿಯೂದಿಲ್ಲರಿ, ಅಜ್ಜಾರ," ಎಂದ ನನ್ನ ಗೆಳೆಯ.

"ತಿಳಿಯೂದು ಆಮ್ಯಾಲೆ. ಮೊದಲ ಕೇಳ್ರಿ."

ಗಾಯಕರು ತೋಡಿ ರಾಗವನ್ನು ಎತ್ತಿಕೊಂಡರು. ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ವೇಳೆಯ ಕಟ್ಟುಂಟು: ತೋಡಿ ಬೆಳಗಿನದು, ಸಾರಂಗ ನಡುಹಗಲಿನದು, ಯಮನ ಸಂಜೆಯದು, ಮಾಲಕಂಸ ರಾತ್ರಿಯದು. ಆದುದರಿಂದಲೇ ಸಂಜೆಯ ಕಛೇರಿಗಳಿಗಷ್ಟೇ ಹೋಗುವವನಿಗೆ ಅರ್ಧ ಸಂಗೀತ ಕಿವಿಗೆ ಬೀಳುವದೇ ಇಲ್ಲ. ವಿಲಂಬಿತ ಏಕತಾಲ ನಡೆದಿತ್ತು. ಅದಕ್ಕೆ 12 ಮಾತ್ರೆಗಳು. ಆವರ್ತನ ಮುಗಿದು ಮೊದಲ ಮಾತ್ರೆಗೆ ಮರಳುವ ಸ್ಥಾನಕ್ಕೆ 'ಸಮ' ಎನ್ನುತ್ತಾರೆ. ಅಜ್ಜನವರು ತೊಡೆಯ ಮೇಲೆ ಬೆರಳು ಮಡಿಸುತ್ತ ನಮಗೆ ಎಣಿಕೆ ತೋರಿಸಿದರು. ಗಾಯಕರು ಎಲ್ಲೆಲ್ಲಿಯೋ ಅಲೆದು, ಇನ್ನೇನು ತಪ್ಪಿದರೆಂಬಾಗ ಸರಿಯಾಗಿ ಸಮಕ್ಕೆ ಬಂದು ಸೇರಿದರು. ಇಡೀ ಸಭೆಯ ತಲೆಗಳು ಒಮ್ಮೆಗೇ ತೂಗಿದವು. ನಾಲ್ಕನೆಯ ಆವರ್ತನಕ್ಕೆ ನನ್ನ ಗೆಳೆಯನ ತಲೆಯೂ ತೂಗಿತು. ಶಾಸ್ತ್ರವೆಂದು ಹೆದರಿದ ವಸ್ತು ಹನ್ನೆರಡರ ಎಣಿಕೆಯಿಂದ ಒಳಗೆ ಕರೆದುಕೊಂಡಿತು.

ಬೈಠಕ್ಕು ಮುಗಿದ ಮೇಲೆ ಅಜ್ಜನವರು ಮೆಲ್ಲಗೆ ಎದ್ದು ಜಮಖಾನೆ ಸುತ್ತತೊಡಗಿದರು. "ಇದನ್ನ ಹಾಸೂದು, ಸುತ್ತೂದು ನಾವು ನಾಕು ಮಂದಿ ಮುದುಕರು. ನಮ್ಮ ಹಿಂದ ಯಾರು ಹಾಸತಾರಂತ ನೋಡಾಕತ್ತೀನಿ," ಎಂದರು. ನಗುತ್ತಲೇ ಹೇಳಿದರಾದರೂ ನಮಗೆ ನಗು ಬರಲಿಲ್ಲ. ಗೆಳೆಯನು ಜಮಖಾನೆಯ ಇನ್ನೊಂದು ಅಂಚನ್ನು ಹಿಡಿದ.

ಮಧ್ಯಾಹ್ನ ಒಂದು ಚಿತ್ರಪ್ರದರ್ಶನವನ್ನು ನೋಡಿ ಸಾಧನಕೇರಿಗೆ ಹೋದೆವು. 1973ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಬೇಂದ್ರೆಯವರು ಬಾಳಿದ ಬಡಾವಣೆಯದು. ಸಾಯಂಕಾಲ ವಿದ್ಯಾವರ್ಧಕ ಸಂಘದಲ್ಲಿ ಒಂದು ಪುಸ್ತಕದ ಮೇಲೆ ಚರ್ಚೆ, ರಾತ್ರಿ ಹವ್ಯಾಸಿ ತಂಡದ ನಾಟಕ. ಬೆಳಿಗ್ಗೆ ಜಮಖಾನೆಯ ಮೇಲೆ ಕಂಡ ಕೆಲವು ಮುಖಗಳೇ ನಾಟಕದಲ್ಲಿಯೂ ಕಂಡವು. ಈ ಊರಿನ ಗುಟ್ಟು ಇಲ್ಲಿದೆಯೆಂದು ನನಗೆ ತೋರಿತು. ಒಂದು ಕಲೆಯ ರಸಿಕನು ಇನ್ನೊಂದು ಕಲೆಗೆ ಪರಕೀಯನಲ್ಲ. ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶ್ರೀರಂಗರು ನಾಟಕಕಾರರಾದರು. ಅದೇ ಕಾಲೇಜಿನಲ್ಲಿ ಗಣಿತವನ್ನೋದಿದ ಗಿರೀಶ ಕಾರ್ನಾಡರ 'ಯಯಾತಿ'ಯನ್ನು 1961ರಲ್ಲಿ ಇಲ್ಲಿಯ ಮನೋಹರ ಗ್ರಂಥಮಾಲೆಯೇ ಪ್ರಕಟಿಸಿತು. ಮಲ್ಲಿಕಾರ್ಜುನ ಮನಸೂರರು ಆಕಾಶವಾಣಿಗೆ ಸಲಹೆಗಾರರಾಗಿ, ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಮಾರ್ಗದರ್ಶಕರಾಗಿ ದುಡಿದರು. ತರಗತಿ, ಮುದ್ರಣ, ರಂಗಭೂಮಿ, ಬೈಠಕ್ಕು ಇವುಗಳ ನಡುವೆ ಗೋಡೆಗಳಿರಲಿಲ್ಲ.

ಆದರೆ ಹೆಸರಾಂತ ಕಲಾವಿದರಷ್ಟೇ ಊರನ್ನು ಕಟ್ಟಲಿಲ್ಲ. ಅವರ ಮುಂದೆ ವರ್ಷಗಟ್ಟಲೆ ತಪ್ಪದೆ ಬಂದು ಕುಳಿತ ಗುಮಾಸ್ತರು, ಮಾಸ್ತರರು, ಅಂಗಡಿಕಾರರು ಕಟ್ಟಿದರು. ಕೇಳುವವರಿದ್ದಲ್ಲಿ ಹಾಡುವವರು ನಿಲ್ಲುತ್ತಾರೆ. ಕೇಳುವವರು ಎದ್ದುಹೋದರೆ ಕಟ್ಟಡವಷ್ಟೇ ಉಳಿಯುತ್ತದೆ.

ನಮ್ಮ ಕಾಲೇಜಿನ ಸ್ನೇಹಸಮ್ಮೇಳನದಲ್ಲಿ ಬಹುಮಾನ ಹಂಚಿಕೆಯಾದೊಡನೆ ಸಭಾಗೃಹ ಬರಿದಾಗುವದನ್ನು ನಾವೆಲ್ಲ ಬಲ್ಲೆವು. ನಾನೂ ಹಾಗೆ ಎದ್ದುಹೋದವರಲ್ಲೊಬ್ಬ. ಮುಂದಿನ ವರ್ಷ ಒಂದು ಮುಂಜಾನೆಯ ಎರಡು ಗಂಟೆಗಳನ್ನು ಒಂದೇ ರಾಗಕ್ಕೆ ಮೀಸಲಿಡಲು ಗುರುಗಳು ಅನುಮತಿ ಕೊಡಲೆಂದು ಬೇಡುತ್ತೇನೆ. ತಾಳದ ಎಣಿಕೆಯನ್ನು ಹೇಳಿಕೊಡಲು ಒಬ್ಬರು ಬಲ್ಲವರು ಸಿಕ್ಕರೆ ಸಾಕು. ಜಮಖಾನೆ ಹಾಸಲು ನಾವಿಬ್ಬರಿದ್ದೇವೆ. ಸುತ್ತಲು ಇನ್ನಿಬ್ಬರು ಬೇಕು.