ಅರ್ಜಿಗೆ ಮುಂಚಿನ ಬೇಸಗೆ

ಬೇಸಗೆಯ ರಜ ಬಂತೆಂದರೆ ಪಟ್ಟಣದ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ‘ಯಾವ ಊರಿಗೆ ಹೋಗೋಣ?’ ಎಂಬ ಸಂಭ್ರಮ, ಪ್ರಥಮ ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಯಲ್ಲಿ ‘ಎಲ್ಲಿ ಪಾಠಕ್ಕೆ ಸೇರಿಸೋಣ?’ ಎಂಬ ಚಿಂತೆ. ಈ ಎರಡನೆಯ ಮನೆಯವರ ಸಲುವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ. ನಾನು ಕಾಲೇಜಿನ ಅಧ್ಯಾಪಕನೆಂಬ ಹಮ್ಮಿನಿಂದ ಬರೆಯುತ್ತಿಲ್ಲ. ಆ ರಜವನ್ನು ಕೈಯಾರೆ ಹಾಳುಮಾಡಿಕೊಂಡವರಲ್ಲಿ ನಾನೂ ಒಬ್ಬನೆಂಬ ಕಾರಣದಿಂದ ಬರೆಯುತ್ತಿದ್ದೇನೆ.

ನನ್ನ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ. ಸಕ್ಕರೆ ಕಾರ್ಖಾನೆಯಿಂದಾಗಿ ಸುತ್ತಿನವರಿಗೆಲ್ಲ ಪರಿಚಿತವಾದ ಊರು. 2006ರಲ್ಲಿ ನಾನು ಸಿ.ಇ.ಟಿ. ಬರೆದೆ. ಇಂಜಿನಿಯರಾಗಬೇಕೆಂಬುದು ನನಗಿಂತ ಹೆಚ್ಚಾಗಿ ಅಪ್ಪನ ಆಸೆ. ಕಬ್ಬಿನ ಹಣದಲ್ಲಿ ಒಂದು ಪಾಲನ್ನು ಅದಕ್ಕಾಗಿಯೇ ತೆಗೆದಿರಿಸಿದ್ದರು. ರ‍್ಯಾಂಕು ಬಂತು, ಗ್ರಾಮೀಣ ಮೀಸಲಾತಿಯಲ್ಲಿ ಹತ್ತಿರದ ಕಾಲೇಜಿನಲ್ಲಿ ಸೀಟು ಸಿಗುವ ಭರವಸೆಯೂ ಇತ್ತು. ಆದರೆ ವ್ಯಾಸಂಗ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಮುಂದೆ ಇದ್ದದ್ದು ತಾತನ ಹೆಸರಿನ ಮೊದಲಕ್ಷರ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇದ್ದದ್ದು ಅಪ್ಪನದು. ತಿದ್ದಿಸಲು ಓಡಾಡುವಷ್ಟರಲ್ಲಿ ದಿನ ಮೀರಿತು. ತಪ್ಪು ಯಾರದೂ ಅಲ್ಲ, ನನ್ನದೇ. ಹಿಂದಿನ ಬೇಸಗೆಯ ಎರಡು ತಿಂಗಳಲ್ಲಿ ಒಂದು ದಿನವಾದರೂ ಆ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನಾನು ನೋಡಿರಲಿಲ್ಲ.

ಮೈಸೂರಿಗೆ ಹೋಗಿ ಬಿ.ಎ. ಸೇರಿದೆ. ಕನ್ನಡ ನನ್ನನ್ನು ಕೈಬಿಡಲಿಲ್ಲ. ಆ ಬಗ್ಗೆ ನನಗೆ ಕೊರಗಿಲ್ಲ. ಆದರೆ ಆ ಸಂಜೆ ಅಪ್ಪ ಒಂದು ಮಾತನ್ನೂ ಆಡದೆ ಗದ್ದೆಯ ಕಡೆಗೆ ನಡೆದುಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಕಳೆದ ಬೇಸಗೆಯಲ್ಲಿ ಹೆಂಡತಿ ಮಕ್ಕಳೊಡನೆ ಊರಿಗೆ ಹೋದಾಗ, ಅಣ್ಣನ ಮಗಳು ಪ್ರಥಮ ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಳು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, “ಎಲ್ಲಿ, ನಿನ್ನ ಕಾಗದಗಳನ್ನೆಲ್ಲ ತಾ” ಎಂದೆ.

“ಈಗಲೇ ಯಾಕೆ ಚಿಕ್ಕಪ್ಪ? ಅರ್ಜಿ ಹಾಕೋಕೆ ಇನ್ನೂ ಎಷ್ಟೋ ತಿಂಗಳಿದೆ” ಎಂದು ನಕ್ಕಳು.

ತಂದಳು. ನೋಡುತ್ತ ಹೋದಂತೆ ನನ್ನ ಎದೆ ಒಮ್ಮೆ ಝಲ್ಲೆಂದಿತು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಅಣ್ಣನ ಹೆಸರು ಒಂದು ಬಗೆ. ಹುಡುಗಿಯ ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ! ಆದರೆ ಈ ಸಲ ಕೈಯಲ್ಲಿ ಕಾಲವಿತ್ತು. ಮರುದಿನವೇ ಅಣ್ಣ ನಾಡಕಚೇರಿಗೆ ಹೋಗಿ ಹೊಸ ಅರ್ಜಿ ಕೊಟ್ಟು ಬಂದ. ರಜ ಮುಗಿಯುವ ಮುನ್ನ ಸರಿಯಾದ ಪತ್ರ ಮನೆ ಸೇರಿತು.

ಈ ಕಾಗದಗಳ ಬೆಲೆ ಅಲ್ಪವಲ್ಲ. ಸಿ.ಇ.ಟಿ. ಮೂಲಕ ಹಂಚುವ ಸರಕಾರಿ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲುಂಟು. ಕೃಷಿ ಪದವಿಗಳಲ್ಲಿ ಬೇಸಾಯಗಾರರ ಮಕ್ಕಳಿಗೆ ಪ್ರತ್ಯೇಕ ಪಾಲುಂಟು. ಪಟ್ಟಣದಲ್ಲಿ ಓದಿದ ಮಕ್ಕಳಿಗೆ ಗ್ರಾಮೀಣ ಪತ್ರದ ಪ್ರಶ್ನೆ ಇಲ್ಲದಿರಬಹುದು. ಆದರೆ ಹೆಸರು, ಹುಟ್ಟಿದ ದಿನ, ತಂದೆತಾಯಿಯರ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ಆಗಿರಬೇಕೆಂಬ ನಿಯಮದಿಂದ ಯಾರಿಗೂ ವಿನಾಯಿತಿ ಇಲ್ಲ. ಯಾವ ಪತ್ರ ಯಾವ ನಮೂನೆಯಲ್ಲಿರಬೇಕೆಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಲೇಸು.

ಇನ್ನು ಓದಿನ ವಿಚಾರ. ರಜದಲ್ಲಿ ದ್ವಿತೀಯ ವರ್ಷದ ಪಾಠಕ್ಕೆ ಧಾವಿಸುವುದೇ ಜಾಣತನವೆಂದು ಹಲವರು ಭಾವಿಸುತ್ತಾರೆ. ಸಿ.ಇ.ಟಿ.ಯ ಪ್ರಶ್ನೆಗಳು ಎರಡೂ ವರ್ಷಗಳ ಪಠ್ಯದಿಂದ ಬರುತ್ತವೆ. ಮೊದಲ ವರ್ಷದ್ದನ್ನು ಗಟ್ಟಿಮಾಡಿಕೊಳ್ಳಲು ಈ ಬೇಸಗೆ ಬಿಟ್ಟರೆ ಬೇರೆ ಬಿಡುವೆಲ್ಲಿ? ಒಂದೊಂದು ವಿಷಯಕ್ಕೆ 60 ಪ್ರಶ್ನೆ. 80 ನಿಮಿಷದ ಅವಧಿಯಲ್ಲಿ ಉತ್ತರಿಸಲು ದೊರೆಯುವುದು 70 ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ 70 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಜಿನಿಯರಿಂಗಿನ ರ‍್ಯಾಂಕಿಗೆ ದ್ವಿತೀಯ ಪಿ.ಯು.ಸಿ. ಅಂಕಗಳಿಗೂ ಸಿ.ಇ.ಟಿ. ಅಂಕಗಳಿಗೂ ಸಮಪಾಲು, ಒಂದನ್ನು ನಂಬಿ ಇನ್ನೊಂದನ್ನು ಬಿಡುವಂತಿಲ್ಲ. ವೈದ್ಯಕೀಯಕ್ಕೆ ಹೋಗುವವರಿಗೆ ನೀಟ್ ಪರೀಕ್ಷೆಯೇ ಬೇರೆ. ಅಣ್ಣನ ಮಗಳು ಬೆಳಗ್ಗೆ ಎರಡು ಗಂಟೆ ಹಳೆಯ ಪಾಠ ಓದಿ, ಸಂಜೆ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಉಳಿದ ಹೊತ್ತು ಅವ್ವನೊಡನೆ ಮಾತು, ಕೆಲಸ, ಮಾವಿನಹಣ್ಣು. ರಜ ರಜವಾಗಿಯೂ ಇರಬೇಕಷ್ಟೆ!

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಮಗುವಿನ ಮನಸ್ಸನ್ನು ಕೇಳುವುದು. ಸೀಟು ಹಂಚುವ ಕ್ರಮ ಹೀಗಿದೆ. ರ‍್ಯಾಂಕಿನ ಸರದಿ ಬಂದಾಗ, ವಿದ್ಯಾರ್ಥಿ ಕೊಟ್ಟ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ, ಮೊದಲು ಸಿಕ್ಕಿದ್ದನ್ನು ಕೊಡುತ್ತಾರೆ. ಆದ್ದರಿಂದ ನಿಜವಾದ ಆಸೆಯೇ ಪಟ್ಟಿಯ ತಲೆಯಲ್ಲಿರಬೇಕು. ಸೇರಲು ಮನಸ್ಸಿಲ್ಲದ್ದು ಅದರಲ್ಲಿ ಇರಲೇಕೂಡದು. ಕೊನೆಯ ದಿನ ಗಾಬರಿಯಲ್ಲಿ ಬರೆದ ಪಟ್ಟಿ ನಾಲ್ಕು ವರ್ಷಗಳ ಪಶ್ಚಾತ್ತಾಪಕ್ಕೆ ದಾರಿಯಾದೀತು.

ಅಣ್ಣನಿಗೆ ಮಗಳು ಇಂಜಿನಿಯರಾಗಬೇಕು. ಕೃಷ್ಣರಾಜಪೇಟೆಯಲ್ಲಿಯೇ ಸರಕಾರಿ ಇಂಜಿನಿಯರಿಂಗ್ ಕಾಲೇಜುಂಟು. ಮಂಡ್ಯದಲ್ಲಿ 1962ರಲ್ಲಿ ಸ್ಥಾಪನೆಯಾದ ಪಿ.ಇ.ಎಸ್. ಉಂಟು. ಹುಡುಗಿ ಮಾತ್ರ ತಲೆತಗ್ಗಿಸಿ, “ನನಗೆ ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಓದಬೇಕು ಅಂತ ಆಸೆ, ಚಿಕ್ಕಪ್ಪ” ಎಂದಳು.

“ಮಣ್ಣಿನಿಂದ ಬಿಡಿಸೋಣ ಅಂತ ಓದಿಸಿದರೆ, ಮತ್ತೆ ಮಣ್ಣಿಗೇ ಬರ್ತೀನಿ ಅಂತಾಳೆ!” ಎಂದು ಅಣ್ಣ ರೇಗಿದ. ನಾನು ಮಾತನಾಡಲಿಲ್ಲ. ಮಾರನೆಯ ವಾರ ಅವನೇ ಮಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ವಿ.ಸಿ. ಫಾರಂ ತೋರಿಸಿಕೊಂಡು ಬಂದ. ಬಂದವನು ಕೇಳಿದ ಮೊದಲ ಪ್ರಶ್ನೆ: “ಆ ಬೇಸಾಯಗಾರರ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆಯಂತಲ್ಲ, ಅದರಲ್ಲಿ ಏನೇನು ಕೇಳ್ತಾರೆ?”

ಆ ರಜದ ಉಳಿದ ದಿನಗಳಲ್ಲಿ ಅಪ್ಪನೇ ಮೊಮ್ಮಗಳ ಗುರು. ಬೀಜ, ಕಳೆ, ಗೊಬ್ಬರ, ಹುಳು ಒಂದೊಂದನ್ನೂ ಗದ್ದೆಯ ಬದುವಿನ ಮೇಲೆ ನಿಂತು ತೋರಿಸುತ್ತಿದ್ದರು. ಅಂದು ಮಾತಿಲ್ಲದೆ ನಡೆದುಹೋಗಿದ್ದ ಅದೇ ದಾರಿಯಲ್ಲಿ ಅವರು ಮಾತಾಡುತ್ತ ಬರುವುದನ್ನು ಜಗಲಿಯಿಂದ ನೋಡಿದೆ.

ಸೀಟು ಸಿಗುವುದು ರ‍್ಯಾಂಕಿನ ಮಾತು. ಅದನ್ನು ಯಾರೂ ಮುಂದಾಗಿ ಹೇಳಲಾರರು. ಆದರೆ ಒಂದು ಕಾಗದದ ದೆಸೆಯಿಂದ, ಒಂದು ಕೇಳದ ಮಾತಿನ ದೆಸೆಯಿಂದ ಅದು ತಪ್ಪಬಾರದು. ನಿಮ್ಮ ಮನೆಯಲ್ಲಿ ಪ್ರಥಮ ಪಿ.ಯು.ಸಿ. ಮುಗಿಸಿದ ಮಗುವಿದ್ದರೆ, ಇಂದು ರಾತ್ರಿ ಊಟವಾದ ಮೇಲೆ ಕಾಗದಗಳನ್ನು ತರಿಸಿ. ಅವನ್ನು ನೋಡಿ ಮುಗಿಸಿದ ಮೇಲೆ, ಮಗುವಿನ ಮುಖವನ್ನೂ ಒಮ್ಮೆ ನೋಡಿ.